ಬೆಳ್ಳಿ ಕಿಡ್ನಿ ತಂದ ದ್ಯಾವಣ್ಣ

ಆರೋಗ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಆಗಾಗ ಹುಣಸೂರಿನ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, "ಮೇಡಂ, ನಿಮ್ಮ ಸರ್ವಿಸಿನ ಅನುಭವ ಹೇಳಿ" ಅನ್ನುತ್ತಾರೆ. ಅವರಿಗೆ ನಿಜವಾಗಿ ಬೇಕಾಗಿರುವುದು ವರ್ಗಾವಣೆ ತಪ್ಪಿಸಿಕೊಳ್ಳುವ ಉಪಾಯ. ಅದು ನನಗೆ ಗೊತ್ತಿದ್ದಿದ್ದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಅಂತ ನಾಲ್ಕು ತಾಲೂಕಿನ ನೀರನ್ನೂ ನಾನೇಕೆ ಕುಡಿಯುತ್ತಿದ್ದೆ? ಬಡ್ತಿಯ ವಿಷಯವನ್ನೂ ಕೇಳಬೇಡಿ. ಅದು ಬಂದದ್ದು ನನಗೇ ಗೊತ್ತಾದದ್ದು ಗುಮಾಸ್ತರು ಸ್ವೀಟು ಎಲ್ಲಿ ಎಂದು ಕೇಳಿದ ಮೇಲೆ.

ಹೇಳುವಂಥದ್ದು ಏನಾದರೂ ಇದ್ದರೆ ಅದು ನನ್ನ ಕೊನೆಯ ವರ್ಷಗಳ ಕೆಲಸ, ಅಂಗದಾನದ ಟೇಬಲ್ಲು. ನಾನು ಹಿರಿಯ ಆರೋಗ್ಯ ಸಹಾಯಕಿಯಾಗಿದ್ದವಳು. ಲಸಿಕೆ, ಬಸುರಿ ಬಾಣಂತಿ, ಕುಟುಂಬ ಯೋಜನೆ ಅಂತ ಹಳ್ಳಿ ಹಳ್ಳಿ ಸುತ್ತಿ ಮಂಡಿಚಿಪ್ಪು ಸವೆಸಿಕೊಂಡವಳು. ಒಂದು ದಿನ ನಮ್ಮ ತಾಲೂಕು ಆಸ್ಪತ್ರೆಯ ದೊಡ್ಡ ಡಾಕ್ಟರು ಕರೆದು, "ಅಂಗದಾನದ ನೋಂದಣಿಯನ್ನೂ ನೀವೇ ನೋಡಿಕೊಳ್ಳಿ, ನಿಮಗೆ ಬಾಯಿ ಇದೆ" ಅಂದರು. ಹೊಗಳಿದರೋ ಬೈದರೋ ಇವತ್ತಿಗೂ ಬಗೆಹರಿದಿಲ್ಲ. ಡಾಕ್ಟರು ಒಳ್ಳೆಯ ಮನುಷ್ಯ, ಕೈಗುಣ ಇದ್ದವರು. ಆದರೆ ಕಾಗದ ಕಂಡರೆ ಹೆದರಿಕೆ. ಆಪರೇಷನ್ ಮಾಡುವಾಗ ನಡುಗದ ಕೈ ಸಹಿ ಹಾಕುವಾಗ ನಡುಗುತ್ತಿತ್ತು.

ಮೊದಲೆಲ್ಲ ಅಂಗದಾನಕ್ಕೆ ಒಪ್ಪಿಗೆ ಕೊಡುವುದೆಂದರೆ ಕಾಗದದ ಫಾರಂ, ಇಬ್ಬರು ಸಾಕ್ಷಿ, ಅದರಲ್ಲೊಬ್ಬರು ಹತ್ತಿರದ ಸಂಬಂಧಿ. ಆಮೇಲೆ ಆಧಾರ್ ಬಂತು, ಓಟಿಪಿ ಬಂತು. ಕ್ಯಾಂಪಿನಲ್ಲಿ ಕೂತಲ್ಲೇ ಮೊಬೈಲಿನಲ್ಲಿ ಹೃದಯ, ಕಿಡ್ನಿ, ಲಿವರು ಅಂತ ಒಂದೊಂದಕ್ಕೂ ಟಿಕ್ ಹಾಕಿಬಿಟ್ಟರೆ ಮುಗಿಯಿತು. ಕೊಡುತ್ತೇನೆ ಅನ್ನುವವರ ಕೆಲಸ ಸಲೀಸು. ಕೊಟ್ಟದ್ದನ್ನು ವಾಪಸ್ ತಗೋತೀನಿ ಅಂತ ಬರುತ್ತಾರಲ್ಲ, ನಿಮ್ಮ ತಾಳ್ಮೆಗೆ ಬೆಲೆ ಕಟ್ಟುವವರು ಅವರೇ. ಅದರ ಕಾನೂನು ಬಹಳ ಸರಳವಾಗಿದೆ. ಒಪ್ಪಿಗೆ ಕೊಟ್ಟವರು ಬದುಕಿರುವಾಗ ಯಾವತ್ತು ಬೇಕಾದರೂ ಹಿಂತೆಗೆದುಕೊಳ್ಳಬಹುದು, ಅವರು ಮಾತ್ರ ಹಿಂತೆಗೆದುಕೊಳ್ಳಬಹುದು, ಕಾರಣ ಹೇಳಬೇಕಾಗಿಲ್ಲ. ಆದರೆ ನಮ್ಮ ಕಡೆಯ ಜನ ಕಾರಣ ಹೇಳದೆ ಬಸ್ಸಿನ ಕಿಟಕಿಯನ್ನೂ ಮುಚ್ಚುವುದಿಲ್ಲ.

ಬಿಳಿಕೆರೆಯಲ್ಲಿ ಹೋಟೆಲ್ ಇಟ್ಟಿದ್ದ ಒಬ್ಬರು ಬಂದು ಅರ್ಧ ಗಂಟೆ ಹವಾಮಾನ ಮಾತಾಡಿ ಆಮೇಲೆ ಬಾಯಿ ಬಿಟ್ಟರು. ಅವರ ದಾಯಾದಿಗೆ ಕಿಡ್ನಿ ತೊಂದರೆಯಂತೆ. "ನಾನು ಸತ್ ಮ್ಯಾಲೆ ನನ್ ಕಿಡ್ನಿ ಹೋಗಿ ಆ ನನ್ಮಗನಿಗೆ ಸೇರ್ಕಂಡ್ಬುಟ್ರೆ? ಅವ್ನಿಗೊಬ್ಬನಿಗೆ ಕೊಡ್ಬೇಡಿ ಅಂತ ಬರ್ಕೊಳಿ ಮೇಡಂ, ಮಿಕ್ಕ ಯಾರ್ಗಾರ ಕೊಡಿ, ನಂದೇನೂ ಅಭ್ಯಂತ್ರ ಇಲ್ಲ" ಅಂದರು. ಹಾಗೆಲ್ಲ ಷರತ್ತು ಹಾಕಲು ಬರುವುದಿಲ್ಲ ಅಂದೆ. ಹಾಗಾದರೆ ಯಾರಿಗೂ ಬೇಡ ಅಂತ ಪೂರ್ತಿ ವಾಪಸ್ ತಗೊಂಡು ಹೋದರು. ಹೊಸ ಅಗ್ರಹಾರದ ಒಬ್ಬ ಅಜ್ಜಿಯನ್ನು ಸೊಸೆಯೇ ಕ್ಯಾಂಪಿಗೆ ಕರೆತಂದು ಒಪ್ಪಿಗೆ ಕೊಡಿಸಿದ್ದಳು. ಮನೆಗೆ ಹೋದ ಮೇಲೆ ಅಜ್ಜಿಗೆ ಯೋಚನೆ ಹತ್ತಿತು. "ಒಂದ್ ಸೀರೆ ಕೊಡ್ಸು ಅಂದ್ರೆ ಕೊಡ್ಸದ ಸೊಸೆ, ಇದ್ಕೆ ಆಟೋ ಮಾಡ್ಕಂಡು ಯಾಕ್ ಕರ್ಕಂಡೋದ್ಲು?" ಅಂತ ಮಾರನೆಯ ದಿನವೇ ಹಾಜರು. ಸೊಸೆ ಪಾಪ ಒಳ್ಳೆಯವಳೇ ಇದ್ದಳು. ಆದರೆ ಅತ್ತೆಗೆ ಸೊಸೆಯನ್ನು ಒಪ್ಪಿಸುವ ಕಾಯಿದೆ ಇನ್ನೂ ಬಂದಿಲ್ಲ.

ಇವರೆಲ್ಲ ಕಾರಣ ಹೇಳಿ, ಕೈ ಮುಗಿದು, ಮರೆತೂ ಹೋದರು. ಮರೆಯದವನೆಂದರೆ ಬೀಚನಹಳ್ಳಿ ಕಡೆಯ ದ್ಯಾವಣ್ಣ.

ದ್ಯಾವಣ್ಣ ನೀರುಗಂಟಿಯಾಗಿ ನಿವೃತ್ತನಾದವನು. ಕಾಲುವೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವಾಗ ನೀರು ಅಂತ ಹಂಚುವ ಕೆಲಸ. ನೀರು ಹಂಚುವವನಿಗೆ ಬೈಗುಳ ಸಂಬಳದ ಜೊತೆಗೇ ಬರುತ್ತದೆ. ಆದರೆ ಈ ಮನುಷ್ಯನನ್ನು ಬೈದವರೂ "ಮಾತಿಗೆ ತಪ್ಪೋನಲ್ಲ ಕಣಯ್ಯ" ಅಂತ ಸೇರಿಸುತ್ತಿದ್ದರಂತೆ. ಅವರೂರ ಶಾಲೆಯಲ್ಲಿ ನಾವು ಕ್ಯಾಂಪ್ ಮಾಡಿದಾಗ ಮೊದಲು ಎದ್ದು ಬಂದವನು ಅವನೇ. "ನನ್ ಮೈಲಿ ಏನೇನ್ ಕೆಲ್ಸಕ್ ಬತ್ತದೋ ಎಲ್ಲಾನೂ ಬರ್ಕೊಳಿ ನರ್ಸಮ್ಮ" ಅಂದ. ಆಧಾರಿಗೆ ಜೋಡಿಸಿದ್ದ ಫೋನು ಹೆಂಡತಿ ಸಾಕಮ್ಮನದು. ಆ ದಿನ ಅದು ಅವನ ಜೇಬಿನಲ್ಲಿತ್ತು. ಓಟಿಪಿ ಹೇಳಿದ, ಟಿಕ್ ಹಾಕಿದೆವು, ಚಪ್ಪಾಳೆ ತಟ್ಟಿದೆವು.

ಸಂಜೆ ಫೋನು ಮನೆಗೆ ಹೋಗಿ ಸಾಕಮ್ಮನ ಕೈ ಸೇರಿದ ಮೇಲೆ ಧನ್ಯವಾದದ ಮೆಸೇಜು ಬಂದಿದೆ. ಪಕ್ಕದ ಮನೆಯ ಹುಡುಗಿ ಅದನ್ನು ಓದಿ ಹೇಳಿದ್ದಾಳೆ: ನಿಮ್ಮ ಹೃದಯ, ಕಿಡ್ನಿ, ಲಿವರ್, ಶ್ವಾಸಕೋಶ, ಕಣ್ಣು ದಾನ ಮಾಡಿದ್ದಕ್ಕೆ ಧನ್ಯವಾದ ಅಂತ. ದ್ಯಾವಣ್ಣ ಆಗ ಜಗಲಿಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದನಂತೆ.

ಮಾರನೆಯ ದಿನ ಹೊರರೋಗಿಗಳ ಸಾಲನ್ನು ಸೀಳಿಕೊಂಡು ಸಾಕಮ್ಮ ಬಂದಳು. ಗಂಡನ ರಟ್ಟೆ ಅವಳ ಕೈಯಲ್ಲಿತ್ತು.

"ನರ್ಸಮ್ಮ, ನೆನ್ನೆ ಸ್ಕೂಲ್ತಾವ ಇವ್ನ ಒಳಗಿಂದ ಏನೇನ್ ತೆಗುದ್ರಿ? ಏನೇನ್ ಉಳ್ಸಿದ್ದೀರಿ?"

"ಏನೂ ತೆಗೆದಿಲ್ಲ ಸಾಕಮ್ಮ. ಸತ್ತ ಮೇಲೆ ಕೊಡ್ತೀನಿ ಅಂತ ಹೇಳಿದ್ದಾರೆ, ಅಷ್ಟೇ."

"ನೆನ್ನೆಯಿಂದ ಸುಸ್ತು ಸುಸ್ತು ಅಂತಾವ್ನೆ!"

ದ್ಯಾವಣ್ಣ ಮೆಲ್ಲಗೆ, "ಕ್ಯಾಂಪ್ನಲ್ಲಿ ಬಾಡೂಟ ಇತ್ತು ಕಣಮ್ಮಿ, ಎಲ್ಡ್ ಮುದ್ದೆ ಜಾಸ್ತಿ ಆಗದೆ" ಅಂದ.

ಅವಳು ನಂಬಲಿಲ್ಲ. ಸ್ಕ್ಯಾನಿಂಗ್ ಮಾಡಿ ಎಲ್ಲಾನೂ ಎಣಿಸಿ ತೋರಿಸಿ ಅಂತ ಹಟ ಹಿಡಿದಳು. ಕೊನೆಗೆ ಡಾಕ್ಟರೇ ಅವನ ಹೊಟ್ಟೆ ಬೆನ್ನು ತೋರಿಸಿ, "ಎಲ್ಲಾದರೂ ಹೊಲಿಗೆ ಇದೆಯೇನಮ್ಮ?" ಅಂದಾಗ ಸಮಾಧಾನವಾಯಿತು. ಸಮಾಧಾನವಾದದ್ದು ಅದೊಂದರ ಬಗ್ಗೆ ಮಾತ್ರ. ತಕ್ಷಣ, "ಸರಿ, ಈಗ ಇದ ಕ್ಯಾನ್ಸಲ್ ಮಾಡಿ" ಅಂದಳು.

"ಅವರು ಕೇಳಿದರೆ ಮಾಡ್ತೀವಿ. ನೀವು ಕೇಳಿದರೆ ಬರಲ್ಲ."

"ನಾನ್ ಯಾರು ಹಂಗಾರೆ? ಕಟ್ಕಂಡೋಳು ನಾನು, ಮುದ್ದೆ ಇಕ್ಕಿ ಸಾಕಿದೋಳು ನಾನು. ಆ ಕಿಡ್ನಿ ನಿಮ್ಮ ಸರ್ಕಾರದ್ ಮುದ್ದೆ ತಿಂದು ಬೆಳೀತಾ?"

ಈ ಪ್ರಶ್ನೆಗೆ ಯಾವ ಸುತ್ತೋಲೆಯಲ್ಲೂ ಉತ್ತರವಿಲ್ಲ. ದ್ಯಾವಣ್ಣ ಮಾತ್ರ ಜಗ್ಗಲಿಲ್ಲ. ಹತ್ತು ಜನರ ಮುಂದೆ ಕೊಡ್ತೀನಿ ಅಂದಿದ್ದೀನಿ, ಅಂದ ಮೇಲೆ ಮುಗೀತು ಅಂದ. ಸಾಕಮ್ಮ ಅಲ್ಲೇ ಆಸ್ಪತ್ರೆಯ ವರಾಂಡದಲ್ಲಿ, ಬಿ.ಪಿ. ನೋಡಿಸಿಕೊಳ್ಳಲು ಕೂತಿದ್ದ ಅಷ್ಟೂ ಜನ ಕೇಳುವ ಹಾಗೆ, ವಾಪಸ್ ತಗೊಳ್ಳೋಗಂಟ ನಿನ್ ಜೊತೆ ಮಾತಾಡಲ್ಲ ಅಂತ ಆಣೆ ಇಟ್ಟಳು. ಅವತ್ತು ಅಷ್ಟೂ ಜನರ ಬಿ.ಪಿ. ಜಾಸ್ತಿ ಬಂತು.

ಹೊರಡುವ ಮುಂಚೆ ಅವಳು ನನ್ನ ಟೇಬಲ್ಲಿನ ಹತ್ತಿರ ಒಬ್ಬಳೇ ಬಂದಳು. ಆಗ ದನಿ ಇಳಿದಿತ್ತು. "ಮದ್ವೆ ಆದಾಗ್ನಿಂದ ಅವ್ನು ನೀರಿನ್ ಹಿಂದೇನೇ ಓಡಾಡ್ದ ಕಣ್ರವ್ವ. ಕರುದ್ರೆ ಕಾಲ್ವೆ ಮ್ಯಾಲೆ, ಹುಡುಕುದ್ರೆ ತೂಬಿನ್ತಾವ. ಊರ್ಗೆಲ್ಲ ಹಂಚ್ಕಂಡೇ ಆಯ್ತು ಅವ್ನ್ ಬಾಳು. ಸತ್ ಮ್ಯಾಲಾರ ಪೂರ್ತಿ ನಂಗ್ ಸಿಗ್ಲಿ ಅಂತ ಆಸೆ. ಅದು ತಪ್ಪಾ?" ತಪ್ಪು ಅಂತ ನಾನು ಹೇಳಲಿಲ್ಲ. ಮನೆಯವರ ಒಪ್ಪಿಗೆಯ ವಿಷಯ ಹೇಳಿದೆ, ಅವಳು ಕಣ್ಣೊರೆಸಿಕೊಂಡು ಆಗಲೇ ಬಾಗಿಲ ಕಡೆ ತಿರುಗಿದ್ದಳು.

ಸಾಕಮ್ಮ ಆಣೆಯನ್ನು ನಿಷ್ಠೆಯಿಂದ ನಡೆಸಿದಳು. ಆ ಊರಿಗೆ ಲಸಿಕೆಗೆ ಹೋದಾಗಲೆಲ್ಲ ನನಗೆ ವರದಿ ಸಿಗುತ್ತಿತ್ತು. ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಅವಳು ಕೊಟ್ಟಿಗೆಯ ಹಸುವಿಗೆ ಹೇಳುತ್ತಿದ್ದಳಂತೆ. "ಗೌರೀ, ಉಣ್ಣಾಕ್ ಬರ್ಬೇಕಂತೆ ಕಣೇ." "ಗೌರೀ, ಸೀಮೆಣ್ಣೆ ಬಣ್ಣದ ಆ ಅಂಗಿ ಒಗಿಯಾಕ್ ಹಾಕ್ಬಾರ್ದಾ ಅಂತ ಕೇಳು." ದ್ಯಾವಣ್ಣನೂ ಹಸುವಿನ ಮೂಲಕವೇ ಉತ್ತರ ಕೊಡುತ್ತಿದ್ದ. ಹಸು ಮಾತ್ರ ಗೊಂದಲಕ್ಕೆ ಬಿದ್ದು ಹಾಲು ಕಡಿಮೆ ಮಾಡಿತು ಅಂತ ಡೈರಿಯವರು ಹೇಳಿದರು.

ಕೊನೆಗೆ ಸೋತವನು ದ್ಯಾವಣ್ಣನೇ. ಸಾಕಮ್ಮನ ಫೋನು ಹಿಡಿದು ಒಬ್ಬನೇ ಆಸ್ಪತ್ರೆಗೆ ಬಂದು, "ಕೊಟ್ಟಿದ್ದ ವಾಪಸ್ ತಕೋತೀನಿ ನರ್ಸಮ್ಮ" ಅಂದ. ತಲೆ ಎತ್ತಲಿಲ್ಲ. ಅದು ಮೊಬೈಲಿನಲ್ಲೇ ಆಗುವ ಕೆಲಸ. ಆದರೆ ನಮ್ಮ ಡಾಕ್ಟರು ಕೇಳಬೇಕಲ್ಲ! "ನಾಳೆ ಯಾರಾದರೂ ಕೇಳಿದರೆ? ಲಿಖಿತವಾಗಿ ಬರಲಿ, ಇಬ್ಬರು ಸಾಕ್ಷಿ ಇರಲಿ" ಅಂತ ತಮ್ಮದೇ ಒಂದು ಕಾನೂನು ಹೊರಡಿಸಿದರು. ಹೋಗಲಿ ಅಂತ ಅದನ್ನೂ ಮಾಡಿದೆವು. ಎಲ್ಲ ಮುಗಿದ ಮೇಲೂ ಅವನು ಕುರ್ಚಿಯಿಂದ ಏಳಲಿಲ್ಲ.

"ತಪ್ಪುಕಾಣಿಕೆ ಏನು ಅಂತ ಹೇಳಿ" ಅಂದ.

ನಮ್ಮ ಕಡೆ ದೇವರಿಗೆ ಹರಕೆ ಹೊತ್ತು ತೀರಿಸಲಾಗದಿದ್ದರೆ ಸುಮ್ಮನೆ ಬಿಡುವ ಹಾಗಿಲ್ಲ. ತಪ್ಪಾಯಿತು ಅಂತ ಕಾಣಿಕೆ ಇಡಬೇಕು. ಇದು ಹರಕೆಯಲ್ಲ ದ್ಯಾವಣ್ಣ, ಇದಕ್ಕೆ ತಪ್ಪೂ ಇಲ್ಲ ಕಾಣಿಕೆಯೂ ಇಲ್ಲ, ಕಾನೂನೇ ದಾರಿ ಬಿಟ್ಟಿದೆ ಅಂದೆ. "ಕಾನೂನು ಬುಟ್ಟದೆ ಸರಿ, ಬಾಯಲ್ ಆಡಿದ್ದು ಎಲ್ ಬುಡ್ತದೆ?" ಅಂತ ಗೊಣಗಿಕೊಂಡು ಹೋದ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಕೆಲವು ದಿನ ಕಳೆದು ಮತ್ತೆ ಬಂದ. ಟವೆಲಿನ ಗಂಟನ್ನು ನನ್ನ ಟೇಬಲ್ಲಿನ ಮೇಲಿಟ್ಟು ಬಿಚ್ಚಿದ. ಒಳಗೆ ಬೆಳ್ಳಿ ತಗಡಿನ ಅಂಗಾಂಗಗಳು! ದೇವಸ್ಥಾನದ ಮುಂದೆ ಮಾರುತ್ತಾರಲ್ಲ, ಕಣ್ಣುಬೇನೆಯವರು ಕಣ್ಣು, ಕಾಲುನೋವಿನವರು ಕಾಲು ಒಪ್ಪಿಸುವುದು, ಅಂಥವು. ಕೊಡುತ್ತೇನೆ ಅಂದದ್ದರಲ್ಲಿ ಒಂದನ್ನೂ ಬಿಡದೆ ಬೆಳ್ಳಿಯಲ್ಲಿ ಮಾಡಿಸಿ ತಂದಿದ್ದ.

ಕೋಟೆಯ ಅಕ್ಕಸಾಲಿಗರ ಹತ್ತಿರ ಕಣ್ಣು ಸಿದ್ಧವಾಗಿಯೇ ಇತ್ತಂತೆ. ಹೃದಯಕ್ಕೆ ಇಸ್ಪೀಟಿನ ಆಟೀನು ನೋಡಿ ಕತ್ತರಿಸಿದ್ದಾರೆ. ಕಿಡ್ನಿ ಯಾವ ಆಕಾರ ಅಂತ ಅವರಿಗೂ ಗೊತ್ತಿಲ್ಲ, ಇವನಿಗೂ ಗೊತ್ತಿಲ್ಲ. ಅಲ್ಲಿಗೆ ಬಂದಿದ್ದ ಮೇಷ್ಟರೊಬ್ಬರು ಅವರೆಕಾಳಿನ ಹಾಗೆ ಅಂದರಂತೆ, ಎರಡು ಬೆಳ್ಳಿ ಅವರೆಕಾಳು ತಯಾರು. ಲಿವರಿಗೂ ಶ್ವಾಸಕೋಶಕ್ಕೂ ಅಕ್ಕಸಾಲಿಗರೇ ಎದ್ದು ಎದುರಿನ ಮಟನ್ ಅಂಗಡಿಗೆ ಹೋಗಿ ನೋಡಿಕೊಂಡು ಬಂದಿದ್ದಾರೆ.

ಡಾಕ್ಟರನ್ನು ಕರೆದೆ. ಅವರು ಮೊದಲು ಲಿವರನ್ನು ಕೈಗೆತ್ತಿಕೊಂಡು, "ಪರವಾಗಿಲ್ಲ ಕಣ್ರೀ, ಆಕಾರ ಸರಿಯಾಗಿದೆ" ಅಂದರು. ಆಮೇಲೆ ಅದು ಬೆಳ್ಳಿ ಅಂತ ಹೊಳೆಯಿತು. ಕೆಂಡ ಮುಟ್ಟಿದವರ ಹಾಗೆ ಕೆಳಗಿಟ್ಟರು. "ಬಾಗಿಲು ಹಾಕಿ! ಅಲ್ಲ, ಬಾಗಿಲು ತೆಗೀರಿ! ಎಲ್ಲರೂ ನೋಡಲಿ, ನಾನು ಮುಟ್ಟಿಲ್ಲ!" ಅಂತ ಕೂಗಾಡಿದರು. ನಿವೃತ್ತಿಯ ಹೊಸ್ತಿಲಲ್ಲಿ ಲಿವರಿನ ಲಂಚ ತಗೊಂಡ ಅಂತ ಹೆಸರು ಬಂದರೆ ಮಗಳ ಮಾವನ ಮನೆಯವರಿಗೆ ಏನು ಹೇಳಲಿ ಅನ್ನುವುದು ಅವರ ಸಂಕಟ.

ನಗು ತಡೆದುಕೊಂಡು ದ್ಯಾವಣ್ಣನಿಗೆ, ಇದನ್ನು ಆಸ್ಪತ್ರೆಯವರು ತಗೊಳ್ಳುವ ಹಾಗಿಲ್ಲ ಅಂತ ಹೇಳಿದೆ.

"ನಿಮಗಲ್ಲ ನರ್ಸಮ್ಮ. ನನ್ ಕಣ್ಣಿಗೆ ಅಂತ ಯಾರೋ ಕಾಯ್ಕಂಡ್ ಕೂತಿರ್ತಾರಲ್ಲ, ಅವ್ರ ಊರ್ ಹೇಳಿ. ಅವ್ರ ಮುಂದ್ ಇಟ್ಟು, ತಪ್ಪಾಯ್ತು ಅಂತ ಕೈ ಮುಗ್ದು ಬತ್ತೀನಿ."

"ಹಾಗೆ ನಿಮ್ಮ ಕಣ್ಣು ಇಂಥವರಿಗೇ ಅಂತ ಗೊತ್ತಾಗಿರಲ್ಲ ದ್ಯಾವಣ್ಣ. ಕಾಯೋರು ಬಹಳ ಜನ ಇರ್ತಾರೆ. ಸಿಕ್ಕಾಗ ಯಾರಿಗೋ ಒಬ್ಬರಿಗೆ."

ಅವನು ಬೆಳ್ಳಿ ಕಣ್ಣುಗಳನ್ನು ಟವೆಲಿನ ತುದಿಯಿಂದ ಒರೆಸಿ ಪಕ್ಕಕ್ಕಿಟ್ಟ. "ಒಬ್ಬನ ಗದ್ದೆಗೆ ನೀರ್ ಬುಡ್ತೀನಿ ಅಂದು ಬುಡ್ದಿದ್ರೆ ಅವ್ನೊಬ್ಬ ಬೈತಾನೆ, ಬೈಸ್ಕಂಡು ಹಗುರಾಗ್ಬೋದು. ಯಾರ್ ಗದ್ದೆ ಅಂತ್ಲೇ ಗೊತ್ತಿಲ್ದಿದ್ರೆ ನಾನ್ ಯಾರ್ ತಾವ ಹೋಗಿ ಬೈಸ್ಕೊಳ್ಲಿ?" ಅಂದ.

ಅಷ್ಟು ಹೊತ್ತು ಒಳಗೇ ನಗುತ್ತಿದ್ದ ನನಗೆ ನಾಚಿಕೆಯಾಯಿತು. ನನ್ನ ಇಡೀ ಸರ್ವಿಸಿನಲ್ಲಿ ಅಂಗದಾನವನ್ನು ಇಷ್ಟು ಗಂಭೀರವಾಗಿ ತಗೊಂಡ ಮನುಷ್ಯನನ್ನು ನಾನು ನೋಡಿರಲಿಲ್ಲ, ಅವನೋ ವಾಪಸ್ ತಗೊಂಡವನು.

ಬೆಳ್ಳಿಯನ್ನೆಲ್ಲ ಕಡೆಗೆ ಅವರೂರ ಮಾರಮ್ಮನಿಗೆ ಒಪ್ಪಿಸಿದ. ಪೂಜಾರಿ ಕಣ್ಣನ್ನು ಅಮ್ಮನ ಮುಖಕ್ಕೆ ಅಂಟಿಸಿದ, ಹೃದಯವನ್ನು ಸರಕ್ಕೆ ಪೋಣಿಸಿದ, ಕಿಡ್ನಿ ಏನು ಅಂತ ತಿಳಿಯದೆ ಎರಡೂ ಕಿವಿಗೆ ಓಲೆ ಮಾಡಿ ಇಳಿಬಿಟ್ಟ. ಚೆನ್ನಾಗಿಯೇ ಕಾಣುತ್ತಿತ್ತು. ಊರಿನ ಒಂದಿಬ್ಬರು ಹೆಂಗಸರು ಅಕ್ಕಸಾಲಿಗರಲ್ಲಿಗೆ ಹೋಗಿ ಅಮ್ಮನದೇ ಡಿಸೈನಿನ ಓಲೆ ಬೇಕು ಅಂತ ಕೇಳಿದರಂತೆ.

ಸಾಕಮ್ಮ ಆಣೆ ಮುರಿದು ಮಾತಾಡತೊಡಗಿದಳು. ಆದರೆ ಮುಂದಿನ ಸಲ ಸಂತೆಯಲ್ಲಿ ಸಿಕ್ಕಾಗ ಅವಳ ಮುಖದಲ್ಲಿ ಗೆಲುವಿರಲಿಲ್ಲ. "ನಾನ್ ಮಾತಾಡ್ತಾ ಇವ್ನಿ ಕಣ್ರವ್ವ. ಈಗ ಅವ್ನೇ ಮಾತಾಡಾಕಿಲ್ಲ. ಕ್ವಾಪ ಏನಿಲ್ಲ. ಉಂಡ್ಯಾ ಅಂದ್ರೆ ಉಂಡೆ ಅಂತಾನೆ, ಅಷ್ಟೇಯ. ಅಲ್ಲೆಲ್ಲೋ ನೋಡ್ತಾ ಕೂತಿರ್ತಾನೆ" ಅಂದಳು. ಅವಳಿಗೆ ನಾನು ಒಂದೇ ಮಾತು ಹೇಳಿದೆ, ಮುಂದೆ ಈ ಕೆಲಸ ಮಾಡುವವರು ನೀವೂ ಮರೆಯದೆ ಹೇಳಬೇಕಾದ ಮಾತು ಅದು: ಇರುವಾಗ ಕೊಡುವುದೂ ಬಿಡುವುದೂ ಅವರ ಇಷ್ಟ, ಆದರೆ ಹೋದ ಮೇಲೆ ಮನೆಯವರು ಒಪ್ಪದೆ ಯಾರೂ ಏನನ್ನೂ ಮುಟ್ಟುವುದಿಲ್ಲ. ಅವನು ವಾಪಸ್ ತಗೊಳ್ಳದಿದ್ದರೂ ಕೊನೆಯ ಮಾತು ನಿಮ್ಮದೇ ಆಗಿರುತ್ತಿತ್ತು ಸಾಕಮ್ಮ ಅಂದೆ. "ಇದ ಮೊದ್ಲೇ ಯಾಕ್ ಹೇಳ್ಲಿಲ್ಲ?" ಅಂತ ನನ್ನ ಮೇಲೆ ಹರಿಹಾಯ್ದಳು. ಹೇಳಿದ್ದೆ. ಅವತ್ತು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಆಮೇಲೆ ನಾನು ನಿವೃತ್ತಳಾದೆ. ಹಾರ, ಶಾಲು, ಡಾಕ್ಟರ ನಡುಗುವ ಸಹಿ ಇದ್ದ ಪ್ರಶಂಸಾಪತ್ರ, ಎಲ್ಲ ಆಯಿತು. ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ, ಸಾಕಮ್ಮನ ಫೋನು ಬಂತು. "ನರ್ಸಮ್ಮ, ಎದ್ದು ಕಾಪಿ ಕುಡ್ದು, ಜಗ್ಲಿ ಮ್ಯಾಲೆ ಕೂತಿದ್ದಂಗೇ ಹೊಂಟೋದ. ಕಣ್ಣಿನೋರ ಕರ್ಕಂಡು ಬನ್ನಿ. ಬೇಗ ಬರ್ಬೇಕಂತಲ್ಲ, ನೀವೇ ಕ್ಯಾಂಪ್ನಲ್ ಹೇಳಿದ್ರಂತೆ" ಅಂದಳು. ನಾನು ಒಲೆ ಆರಿಸಿದೆನೋ ಇಲ್ಲವೋ ನೆನಪಿಲ್ಲ. ಮೈಸೂರಿನ ಕಣ್ಣಿನ ಬ್ಯಾಂಕಿಗೆ ಫೋನ್ ಮಾಡಿ, ಕಾರು ಹಿಡಿದು ಹೊರಟೆ.

ಕಣ್ಣಿನ ಬ್ಯಾಂಕಿನಿಂದ ಬಂದದ್ದು ಹೊಸದಾಗಿ ಕೆಲಸಕ್ಕೆ ಸೇರಿದ್ದ ಯುವಕ ಡಾಕ್ಟರು. ಬಹಳ ಶಿಸ್ತಿನವರು. ಹೆಸರು, ಆಧಾರು ನೋಡಿ, ಮೊಬೈಲಿನಲ್ಲಿ ಹುಡುಕಿ, ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಇವರು ಹಿಂದೆ ಒಪ್ಪಿಗೆ ಕೊಟ್ಟು ವಾಪಸ್ ತಗೊಂಡಿದ್ದಾರೆ. ಅಂದರೆ ಅವರಿಗೆ ಇಷ್ಟವಿರಲಿಲ್ಲ ಅಂತಾಯಿತಲ್ಲ. ಬದುಕಿದ್ದಾಗ ಬೇಡ ಅಂದವರದನ್ನು ಮನೆಯವರು ಹೇಳಿದರೂ ನಾವು ತೆಗೆಯುವ ಹಾಗಿಲ್ಲ" ಅಂದರು. ಅವರು ಹೇಳಿದ್ದು ಸರಿಯೇ. ನೋಡಬೇಕಾದ್ದೇ ಅದನ್ನು. ಆದರೆ ಇಷ್ಟಾಗಿ ಈಗ ಈ ಬಾಗಿಲೂ ಮುಚ್ಚಿಹೋದರೆ?

ಪಡಸಾಲೆಯಲ್ಲಿ ಹೆಣದ ಪಕ್ಕ ಕೂತಿದ್ದ ಸಾಕಮ್ಮನಿಗೆ ಅದು ಕೇಳಿಸಿತು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಬಂದಳು.

"ಬ್ಯಾಡ ಅಂದೋಳು ನಾನು ಸ್ವಾಮಿ. ಅವ್ನು ಒಂದ್ ದಿನ್ವೂ ಬ್ಯಾಡ ಅನ್ನಲಿಲ್ಲ. ನಾನ್ ಮಾತ್ ಬುಟ್ಟಿದ್ಕೆ ಅವ್ನು ವಾಪಸ್ ತಕಂಡ. ಬೇಕಾರೆ ಈ ನರ್ಸಮ್ಮನ್ನ ಕೇಳಿ, ಊರ್ನೋರ ಕೇಳಿ, ಆ ಮಾರಮ್ಮನ್ನ ಕೇಳಿ. ಈಗ ಬಾಯ್ಬುಟ್ ನಾನೇ ಹೇಳ್ತಾ ಇವ್ನಿ. ತಕಂಡೋಗಿ."

ಊರಿನ ಹಿರಿಯರಿಬ್ಬರು ಹೌದು ಹೌದು ಅಂದರು. ನಾನೂ ನಡೆದದ್ದನ್ನೆಲ್ಲ ಹೇಳಿದೆ, ಬೆಳ್ಳಿ ಅವರೆಕಾಳನ್ನೂ ಬಿಡದೆ. ಆ ಯುವಕ ಡಾಕ್ಟರು ತಮ್ಮ ಮೇಲಿನವರಿಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದರು. ಆಮೇಲೆ ಬಂದು, ಆಗಲಿ ಅಂದರು. ಸಾಕಮ್ಮ ಹೆಬ್ಬೆಟ್ಟು ಒತ್ತಿದಳು.

ಒತ್ತಿ ಮುಗಿಸಿ, "ಕಿಡ್ನಿಗೆ ಎಲ್ ಒತ್ಬೇಕು? ಲಿವರ್ಗೆ?" ಅಂದಳು.

ಮನೆಯಲ್ಲಿ ತೀರಿಕೊಂಡವರ ಕಿಡ್ನಿ, ಲಿವರು, ಹೃದಯ ತಗೊಳ್ಳಲು ಆಗುವುದಿಲ್ಲ, ಅದಕ್ಕೆ ದೊಡ್ಡಾಸ್ಪತ್ರೆಯಲ್ಲಿ ಉಸಿರಾಟದ ಯಂತ್ರದ ಮೇಲೆ ಇರಬೇಕು, ಮನೆಯಿಂದಾದರೆ ಕಣ್ಣು ಮಾತ್ರ ಅಂತ ಡಾಕ್ಟರು ಮೆಲ್ಲಗೆ ವಿವರಿಸಿದರು. ಸಾಕಮ್ಮ ಅವರ ಮುಖವನ್ನೂ ನನ್ನ ಮುಖವನ್ನೂ ನೋಡಿದಳು. ನಾನು ಹೌದು ಅಂತ ತಲೆಯಾಡಿಸಿದೆ. ಅವಳು ಹೋಗಿ ಗಂಡನ ತಲೆಯ ಹತ್ತಿರ ಕೂತಳು. ಅವನ ಹಣೆಯ ಮೇಲಿನ ಕೂದಲು ಸರಿಮಾಡಿ, ಕಿವಿಯ ಹತ್ತಿರ ಬಗ್ಗಿ, ಹಸುವಿನ ಹಂಗಿಲ್ಲದೆ ನೇರವಾಗಿ ಅವನಿಗೇ ಹೇಳಿದಳು.

"ಕೇಳುಸ್ತಾ? ನಿನ್ ಮಾತು ಉಳೀತು. ಕಣ್ ಮಾತ್ರ ಸಾಕಂತೆ. ಮಿಕ್ಕಿದ್ದೆಲ್ಲ ನಂದೇ."